ಮಲಯ ಭಾಷೆಯ ಎರಡನೆಯ ಮೆಟ್ಟಿಲು

ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಶಾಲೆಯ ಪ್ರವೇಶಕ್ಕಾಗಿ ಬರುವ ಪಾಲಕರು ಕೇಳುವ ಪ್ರಶ್ನೆಯೊಂದುಂಟು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇವೆರಡರೊಡನೆ ಹಿಂದಿ ಹಾಗೂ ಇಂಗ್ಲಿಷ್; ಇಷ್ಟು ಭಾಷೆಗಳ ಹೊರೆಯನ್ನು ಹೊತ್ತ ಮಗು, ಅದರಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಓದಿದ ಮಗು, ಮುಂದೆ ದೊಡ್ಡ ವಿದ್ಯಾಪೀಠದಲ್ಲಿ ಹೊಸದೊಂದು ಭಾಷೆಯನ್ನು ಕಲಿಯಬೇಕಾಗಿ ಬಂದರೆ ಹಿಂದುಳಿಯದೇ? ಇದಕ್ಕೆ ಧೈರ್ಯದ ನಾಲ್ಕು ಮಾತುಗಳನ್ನು ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಧೈರ್ಯ ಹೇಳಿದ ಮಾತ್ರಕ್ಕೆ ಉತ್ತರ ಕೊಟ್ಟಂತಾಗಲಿಲ್ಲ. ಆದುದರಿಂದ ಇಂಗ್ಲಿಷಿನಂತೆ ನಮಗೆ ರೂಢಿಯಾಗಿಲ್ಲದ, ಸಮುದ್ರದಾಚೆಯ ಒಂದು ಭಾಷೆಯನ್ನು ಎದುರಿಗಿರಿಸಿಕೊಂಡು, ಅದರ ಅಭ್ಯಾಸದಲ್ಲಿ ಗಡಿಭಾಗದ ಕನ್ನಡ ವಿದ್ಯಾರ್ಥಿಗೆ ಯಾವುದು ಸುಲಭ, ಯಾವುದು ಕಠಿಣ ಎಂಬುದನ್ನು ಪರೀಕ್ಷಿಸಿ ನೋಡೋಣವೆಂದು ಈ ಲೇಖನವನ್ನು ಬರೆಯಲಾಗಿದೆ. ಆ ಭಾಷೆ ಮಲಯ.

ಮಲಯವೆಂದೊಡನೆ ಕೇರಳದ ಮಲಯಾಳವೆಂದು ಭ್ರಮಿಸಬಾರದು. ಇದು ಮಲೇಷ್ಯ ದೇಶದ ಭಾಷೆ. ಬ್ರುನೈ ಹಾಗೂ ಸಿಂಗಾಪುರಗಳಲ್ಲಿಯೂ ರಾಜಮಾನ್ಯತೆ ಪಡೆದುದು. ಇಂಡೋನೇಷ್ಯದ ರಾಷ್ಟ್ರಭಾಷೆಯೂ ಮಲಯದ್ದೇ ಒಂದು ರೂಪ. ನಮ್ಮವರಿಗೂ ಇದಕ್ಕೂ ಗಂಟೇನು ಎಂದು ಕೇಳಬಹುದು. ಮಲೇಷ್ಯದ ವಿದ್ಯಾಪೀಠಗಳಿಗೆ ಓದಲು ಹೋಗುವ ಪರದೇಶದ ವಿದ್ಯಾರ್ಥಿಗಳು, ಅವರ ಮುಖ್ಯ ವಿಷಯ ಯಂತ್ರಶಾಸ್ತ್ರವೇ ಇರಲಿ ವ್ಯಾಪಾರಶಾಸ್ತ್ರವೇ ಇರಲಿ, ವ್ಯವಹಾರಕ್ಕೆ ಸಾಕಾಗುವಷ್ಟು ಮಲಯವನ್ನು ಒಂದು ಪಾಠವಿಷಯವಾಗಿ ಕಲಿಯುವ ಪದ್ಧತಿ ಅಲ್ಲಿದೆ. ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ಮಲಯವನ್ನು ಒಂದರ ಮೇಲೊಂದು ಮೆಟ್ಟಿಲಾಗಿ ಕಲಿಸುತ್ತಾರೆ. ಅಷ್ಟು ದೂರವೇಕೆ? 2010ರಲ್ಲಿ ಮಲೇಷ್ಯದ ವಿಜ್ಞಾನ ವಿಶ್ವವಿದ್ಯಾನಿಲಯವೂ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯೂ ಕೂಡಿ ಬೆಳಗಾವಿಯಲ್ಲಿ ವೈದ್ಯಕೀಯ ಶಿಕ್ಷಣಕ್ರಮವೊಂದನ್ನು ಆರಂಭಿಸಿದವು. ಮಲಯವನ್ನಾಡುವ ತರುಣ ತರುಣಿಯರು ಗಡಹಿಂಗ್ಲಜದಿಂದ ಒಂದೆರಡು ತಾಸಿನ ದಾರಿಯಲ್ಲಿಯೇ ಬಂದು ನೆಲೆಸಿ ವೈದ್ಯಶಾಸ್ತ್ರ ಕಲಿತರು.

ಪ್ರಥಮ ವರ್ಷದ ಮಲಯಾಭ್ಯಾಸವು ನಮ್ಮ ವಿದ್ಯಾರ್ಥಿಗೆ ಹಬ್ಬದೂಟವಿದ್ದಂತೆ. ಪುಟ ತಿರುವಿದಲ್ಲೆಲ್ಲ ಪರಿಚಯದ ಮುಖಗಳು. ‘ಗುರು’ ಎಂದರೆ ಗುರುವೇ. ‘ರಾಜ’, ‘ಮನುಸಿಯ’, ‘ನೆಗಾರ’ (ನಗರವಲ್ಲ, ದೇಶ), ‘ಸೌದಾರ’ (ಸಹೋದರ), ‘ಸುವಾರ’ (ಸ್ವರ, ಅಂದರೆ ದನಿ) ಇವನ್ನು ಕಂಠಪಾಠ ಮಾಡುವ ಅವಶ್ಯಕತೆಯೇ ಇಲ್ಲ. ‘ಬಹಾಸ’ ಎಂದರೆ ಭಾಷೆ. ‘ಮಹಾಸಿಸ್ವ’ ಎಂದರೆ ಮಹಾಶಿಷ್ಯ, ಅಂದರೆ ವಿದ್ಯಾಪೀಠದ ವಿದ್ಯಾರ್ಥಿ. ಅವನಿಗೆ ಸಿಗುವ ಶಿಷ್ಯವೇತನವು ‘ಬಿಯಾಸಿಸ್ವ’. ಇದರ ಪೂರ್ವಾರ್ಧವು ನಮ್ಮ ‘ವ್ಯಯ’ ಶಬ್ದದ ರೂಪಾಂತರ. ಶಿಷ್ಯನ ವ್ಯಯವನ್ನು ಭರಿಸುವುದು ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ಶಬ್ದ ಕನ್ನಡದಲ್ಲಿಯೂ ಇಲ್ಲ. ವಸತಿಗೃಹಕ್ಕೆ ‘ಅಸ್ರಾಮ’ ಎನ್ನುತ್ತಾರೆ. ನಮ್ಮ ಸಂಸ್ಥೆಯಂತಹ ಸಂಸ್ಥೆಗಳಲ್ಲಿ ಲೆಕ್ಕಪತ್ರ ನೋಡುವ ಖಜಾಂಚಿ ಅಲ್ಲಿ ‘ಬೆಂದಹಾರಿ’ ಎನಿಸುತ್ತಾನೆ. ನಮ್ಮ ಭಂಡಾರಿಯೇ ಸಮುದ್ರ ದಾಟಿ ಅಲ್ಲಿಯೂ ಹಣದ ಪೆಟ್ಟಿಗೆಯ ಮುಂದೆ ಕುಳಿತಿದ್ದಾನೆ. ಆ ಪೆಟ್ಟಿಗೆಗೂ ‘ಪೆತಿ’ ಎಂದೇ ಹೆಸರು.

ಸಂಸ್ಕೃತದ ದೊಡ್ಡ ಶಬ್ದಗಳಿರಲಿ, ನಮ್ಮ ಸಂತೆಯ ಮಾತುಗಳೂ ಅಲ್ಲಿವೆ. ಕೊಲ್ಹಾಪುರ ಸೀಮೆಯ ಬೆಲ್ಲಕ್ಕೆ ಮರಾಠಿಯವರು ‘ಗೂಳ’ ಎನ್ನುವರಷ್ಟೆ. ಮಲಯದಲ್ಲಿ ಸಕ್ಕರೆಗೆ ‘ಗುಲ’. ಎರಡಕ್ಕೂ ಮೂಲ ಸಂಸ್ಕೃತದ ಗುಡ. ಗಡಹಿಂಗ್ಲಜದ ಸಂತೆಯ ಕೊತ್ತಂಬರಿಗೆ ‘ಕೆತುಂಬರ್’. ಚಪ್ಪಲಿಗೆ ‘ಚಪಾಲ್’, ಮಲಯ ಜನರು ತಮ್ಮ ಸಾಂಪ್ರದಾಯಿಕ ಉಡುಪಿನೊಡನೆ ಮೆಟ್ಟುವ ತೊಗಲಿನ ಚಪ್ಪಲಿಗೆ ಈ ಹೆಸರಿದೆಯೆಂಬುದನ್ನು ಕೊಲ್ಹಾಪುರದವರು ಕೇಳಿದರೆ ಸಂತೋಷಪಡದಿರಲಾರರು. ಇಚಲಕರಂಜಿಯ ಮಗ್ಗದವರಿಗೆ ಇನ್ನೊಂದು ಶಬ್ದವಿದೆ. ಹತ್ತಿಗೆ ‘ಕಾಪಾಸ್’ ಎಂಬುದು ಮರಾಠಿಯ ಕಾಪೂಸಿನ ನೆಂಟ. ರೇಶ್ಮೆಗೆ ‘ಸುತೆರ’ ಎಂದು ಹೆಸರು. ನಮ್ಮಲ್ಲಿ ಸೂತ್ರವೆಂದರೆ ಯಾವುದೇ ದಾರ. ದಾರವೆಂದರೆ ರೇಶ್ಮೆಯ ದಾರವೇ ಎಂದು ಅವರು ಏಕೆ ತಿಳಿದರೋ, ಬಹುಶಃ ಹಡಗಿನಲ್ಲಿ ಹೋದ ದಾರಗಳಲ್ಲಿ ಬೆಲೆಬಾಳುವುದು ಅದೇ ಆಗಿದ್ದಿರಬೇಕು. ‘ಕುದ’ ಎಂದರೆ ಕುದುರೆ. ಇದು ಸಂಸ್ಕೃತದ್ದಲ್ಲ, ದಕ್ಷಿಣದ ನಮ್ಮ ಭಾಷೆಗಳದೇ.

ಈ ಶಬ್ದಗಳೆಲ್ಲ ಅಲ್ಲಿಗೆ ಹೇಗೆ ಹೋದವು? ಕೊಲ್ಹಾಪುರದಲ್ಲಿಯೇ ಇದಕ್ಕೊಂದು ಸುಳಿವಿದೆ. ಶಿಲಾಹಾರ ಗಂಡರಾದಿತ್ಯನ ಕಾಲದ, ಶಕ 1058ರ (ಕ್ರಿ.ಶ. 1135-36) ಕನ್ನಡ ಶಾಸನವೊಂದು ಕೊಲ್ಹಾಪುರದಲ್ಲಿ ದೊರೆತಿದೆ. ನಿಂಬದೇವ ಸಾಮಂತನು ಕಟ್ಟಿಸಿದ ಜಿನಾಲಯಕ್ಕೆ ವೀರಬಣಂಜರೆಂಬ ವರ್ತಕರು, ಅಂದರೆ ಐಹೊಳೆಯ ‘ಐನೂರ್ವರು’ ಎಂದು ಪ್ರಸಿದ್ಧರಾದ ವ್ಯಾಪಾರಿಗಳು, ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಇದೇ ಐನೂರ್ವರ ಹೆಸರನ್ನು ಹೊತ್ತ ಮತ್ತೊಂದು ಶಾಸನ ಸುಮಾತ್ರಾ ದ್ವೀಪದ ಬಾರೂಸ್ ಎಂಬ ಬಂದರಿನ ಸಮೀಪ ದೊರೆತಿದೆ, ಅದರ ಭಾಷೆ ತಮಿಳು, ವರ್ಷ ಶಕ 1010 (ಕ್ರಿ.ಶ. 1088). ಒಂದೇ ಸಂಘದ ವರ್ತಕರು ಪಂಚಗಂಗೆಯ ದಂಡೆಯಲ್ಲಿ ಕನ್ನಡದಲ್ಲಿಯೂ ಕರ್ಪೂರದ ನಾಡಾದ ಬಾರೂಸಿನಲ್ಲಿ ತಮಿಳಿನಲ್ಲಿಯೂ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋದರು. ಕೊಲ್ಹಾಪುರದವರೇ ಸುಮಾತ್ರಾಕ್ಕೆ ಹೋದರೆಂದು ಇದರಿಂದ ಹೇಳಬರುವುದಿಲ್ಲ. ಆದರೆ ಶಬ್ದಗಳು ನಡೆದ ದಾರಿ ಎಂತಹದೆಂಬುದು ತಿಳಿಯುತ್ತದೆ. ವ್ಯಾಪಾರ ಮಾಡುವುದಕ್ಕೆ ಮಲಯದಲ್ಲಿ ‘ಬೆರ್ನಿಯಾಗ’ ಎನ್ನುತ್ತಾರೆ. ಸಂಸ್ಕೃತದ ವಣಿಜ ಕುಲದ ಶಬ್ದವಿದು. ನಮ್ಮ ‘ಬಣಜಿಗ’ನೂ ಅದೇ ಕುಲದವನು. ಈ ಶಬ್ದಕ್ಕೆ ಅಲ್ಲಿ ಒಂದು ವಿನೋದ ಸಂಭವಿಸಿತು. ಮಲಯದಲ್ಲಿ ‘ಬೆರ್’ ಎಂಬುದು ಕ್ರಿಯಾಪದಗಳ ಹಿಂದೆ ಸೇರುವ ಉಪಸರ್ಗ. ಹೊರಗಿನಿಂದ ಬಂದ ‘ಬೆನಿಯಾಗ’ದ ಮೊದಲ ಅಕ್ಷರವನ್ನೂ ಅವರು ತಮ್ಮ ಉಪಸರ್ಗವೆಂದೇ ಭಾವಿಸಿ, ಅದನ್ನು ಕಳಚಿ, ‘ನಿಯಾಗ’ ಎಂಬ ಹೊಸ ಧಾತುವನ್ನೇ ಮಾಡಿಕೊಂಡರು. ಬಣಜಿಗನ ‘ಬ’ ಹೋಯಿತು, ವ್ಯಾಪಾರ ಉಳಿಯಿತು.

ಇದೆಲ್ಲ ಪ್ರಥಮ ವರ್ಷದ ಸಂಭ್ರಮ. ಎರಡನೆಯ ವರ್ಷದಲ್ಲಿ, ಮಧ್ಯಮ ಶ್ರೇಣಿಯೆಂದು ಕರೆಯುವ ಮೆಟ್ಟಿಲಿನಲ್ಲಿ, ಈ ಪರಿಚಯದ ಮುಖಗಳೇ ಮೋಸಮಾಡತೊಡಗುತ್ತವೆ. ‘ಕೆಪಾಲ’ ಎಂದರೆ ಕಪಾಳವಲ್ಲ, ಇಡೀ ತಲೆ. ‘ಲಕ್ಸ’ ಎಂಬುದು ಹಳೆಯ ಮಲಯದಲ್ಲಿ ಲಕ್ಷವಲ್ಲ, ಹತ್ತು ಸಾವಿರ. ‘ದೋಸ’ ಎಂದರೆ ತಿನ್ನುವ ದೋಸೆಯಂತೂ ಅಲ್ಲ, ಬರಿಯ ದೋಷವೂ ಅಲ್ಲ, ಪಾಪ. ‘ಸುಕ’ ಎಂದರೆ ಸುಖವೆನ್ನುವುದಕ್ಕಿಂತ ಮೆಚ್ಚುವುದು, ಬಯಸುವುದು. ಇವು ಬಂಧುಗಳಾದರೂ ಇವೆ. ಬಂಧುತ್ವವೇ ಇಲ್ಲದೆ ವೇಷ ಮಾತ್ರ ಒಂದಾಗಿರುವ ಶಬ್ದಗಳು ಇನ್ನೂ ಅಪಾಯಕಾರಿ: ‘ಮಾತ’ ಎಂದರೆ ಕಣ್ಣು, ‘ಹಾರಿ’ ಎಂದರೆ ದಿನ (ದಿನದ ಕಣ್ಣು, ‘ಮಾತಹಾರಿ’, ಎಂದರೆ ಸೂರ್ಯ, ಇಷ್ಟು ಚೆಲುವಾದ ಹೆಸರಿಗಾಗಿ ಮೋಸಹೋದದ್ದನ್ನು ಕ್ಷಮಿಸಬಹುದು). ‘ಕಾಕಿ’ ಎಂದರೆ ಕಾಲು, ‘ದಾದ’ ಎಂದರೆ ಎದೆ. ಕಾಕಿಯರೂ ದಾದಾಗಳೂ ತುಂಬಿರುವ ನಮ್ಮ ಮನೆಗಳ ಮಕ್ಕಳಿಗೆ ಈ ಪಾಠ ಬೇಗ ಮರೆಯಲಾರದು.

‘ಬಿಚಾರ’ ಎಂಬೊಂದು ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ಮೂಲ ‘ವಿಚಾರ’ವೇ. ಕನ್ನಡದಲ್ಲಿ ವಿಚಾರ ಮಾಡುವುದೆಂದರೆ ಬಾಯಿ ಮುಚ್ಚಿಕೊಂಡು ಯೋಚಿಸುವುದು. ಮರಾಠಿಯಲ್ಲಿ ‘ವಿಚಾರಣೆ’ ಎಂಬ ಕ್ರಿಯಾಪದಕ್ಕೆ ಕೇಳುವುದು, ಪ್ರಶ್ನಿಸುವುದು ಎಂದರ್ಥ. ಮಲಯದಲ್ಲಿ ‘ಬಿಚಾರ’ ಎಂದರೆ ಮಾತನಾಡುವುದು. ಒಂದೇ ಶಬ್ದ ಒಂದೆಡೆ ಯೋಚಿಸಿತು, ಒಂದೆಡೆ ಕೇಳಿತು, ಒಂದೆಡೆ ಮಾತನಾಡಿತು. ಗಡಹಿಂಗ್ಲಜದ ಬಾಲಕನು ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಈ ಶಬ್ದದ ಎರಡು ಅರ್ಥಗಳನ್ನು ದಾಟಿ ಹೋಗುತ್ತಾನೆ. ಯಾರೂ ಅವನಿಗೆ ಇದನ್ನು ಕಲಿಸಿಕೊಟ್ಟಿಲ್ಲ. ಶಬ್ದದ ರೂಪ ಕಂಡ ಕೂಡಲೇ ಅರ್ಥವನ್ನು ನಂಬಬಾರದು, ವಾಕ್ಯವನ್ನು ನೋಡಿ ನಂಬಬೇಕು ಎಂಬ ಎಚ್ಚರ ಅವನಿಗೆ ಅಭ್ಯಾಸಬಲದಿಂದ ಬಂದಿದೆ. ಒಂದೇ ಭಾಷೆಯ ಆವರಣದಲ್ಲಿ ಬೆಳೆದವನು ಇದನ್ನು ವಿದ್ಯಾಪೀಠಕ್ಕೆ ಹೋದ ಮೇಲೆ ತಪ್ಪುಗಳನ್ನು ಮಾಡಿ ಮಾಡಿ ಕಲಿಯಬೇಕಾಗುತ್ತದೆ.

ಇನ್ನು ಎರಡನೆಯ ಮೆಟ್ಟಿಲಿನ ಮುಖ್ಯ ಕಷ್ಟಕ್ಕೆ ಬರೋಣ. ಮಲಯದ ಕ್ರಿಯಾಪದಕ್ಕೆ ಕಾಲವಿಲ್ಲ, ಲಿಂಗವಿಲ್ಲ, ವಚನವಿಲ್ಲ. ‘ಸಾಯ ಮಾಕಾನ್’ ಎಂದರೆ ನಾನು ಉಂಡೆ, ಉಣ್ಣುತ್ತೇನೆ, ಎಲ್ಲವೂ ಆಗುತ್ತದೆ. (‘ಸಾಯ’ ಎಂಬುದು ಸಹಾಯ ಶಬ್ದದಿಂದ ಬಂದುದು, ತನ್ನನ್ನು ಎದುರಿನವರ ಸಹಾಯಕ, ಸೇವಕ ಎಂದುಕೊಳ್ಳುತ್ತಲೇ ಅದು ‘ನಾನು’ ಎಂಬ ಅರ್ಥಕ್ಕೆ ಬಂದು ನಿಂತಿತು.) ಇದನ್ನು ಕಂಡು ಪ್ರಥಮ ವರ್ಷದ ವಿದ್ಯಾರ್ಥಿ, ಇಷ್ಟು ಸುಲಭವಾದ ಭಾಷೆ ಜಗತ್ತಿನಲ್ಲಿಯೇ ಇಲ್ಲವೆಂದು ಹಿಗ್ಗುತ್ತಾನೆ. ಆದರೆ ಮರುವರ್ಷ ಉಪಸರ್ಗ ಪ್ರತ್ಯಯಗಳ ಅಡವಿ ಎದುರಾಗುತ್ತದೆ. ‘ಆಜಾರ್’ ಎಂಬುದೊಂದೇ ಧಾತು. ಅದರಿಂದ ‘ಬೆಲಾಜಾರ್’ ಎಂದರೆ ಕಲಿಯುವುದು; ‘ಮೆಂಗಾಜಾರ್’ ಎಂದರೆ ಕಲಿಸುವುದು; ‘ಪೆಲಾಜಾರ್’ ವಿದ್ಯಾರ್ಥಿ; ‘ಪೆಂಗಾಜಾರ್’ ಅಧ್ಯಾಪಕ; ‘ಪೆಲಾಜಾರಾನ್’ ಪಾಠ; ‘ಮೆಂಪೆಲಾಜಾರಿ’ ಎಂದರೆ ಒಂದು ವಿಷಯವನ್ನು ಆಳವಾಗಿ ಅಭ್ಯಸಿಸುವುದು; ‘ತೆರ್ಪೆಲಾಜಾರ್’ ಎಂದರೆ ವಿದ್ಯಾವಂತ. ‘ಪುಸ್ತಕ’ಕ್ಕೆ ಹಿಂದೆ ‘ಪೆರ್’, ಮುಂದೆ ‘ಅನ್’ ಹಚ್ಚಿದರೆ ಗ್ರಂಥಾಲಯವಾಗುತ್ತದೆ. ಸಂಪ್ರದಾಯದ ಕೋಶಗಳಲ್ಲಿ ಶಬ್ದಗಳನ್ನು ಧಾತುವಿನ ಕೆಳಗೆ ಜೋಡಿಸಿರುತ್ತಾರೆ. ‘ಮೆಂಪೆಲಾಜಾರಿ’ಯನ್ನು ‘ಮ’ಕಾರದಲ್ಲಿ ಹುಡುಕಿದರೆ ಸಿಕ್ಕದು. ಹಿಂದಿನದನ್ನೂ ಮುಂದಿನದನ್ನೂ ಕಳಚಿ ‘ಆಜಾರ್’ ಎಂದು ಕಂಡುಕೊಂಡವನಿಗಷ್ಟೇ ಕೋಶ ಬಾಗಿಲು ತೆರೆಯುತ್ತದೆ.

ಕಳಚುವುದೂ ಸರಳವಲ್ಲ. ಕ್ರಿಯಾಪದಗಳಿಗೆ ಸೇರುವ ‘ಮೆ’ ಎಂಬ ಉಪಸರ್ಗದ ಕೊನೆಯ ಅನುನಾಸಿಕವು ಧಾತುವಿನ ಮೊದಲ ಅಕ್ಷರವನ್ನು ನೋಡಿ ಬಣ್ಣ ಬದಲಿಸುತ್ತದೆ. ‘ಬಾಚ’ (ಓದು) ಎಂಬುದಕ್ಕೆ ‘ಮೆಂಬಾಚ’, ಇಲ್ಲಿ ಮಕಾರ. ‘ದೆಂಗಾರ್’ (ಕೇಳು) ಎಂಬುದಕ್ಕೆ ‘ಮೆಂದೆಂಗಾರ್’, ಇಲ್ಲಿ ನಕಾರ. ‘ಚಾರಿ’ (ಹುಡುಕು) ಎಂಬುದಕ್ಕೆ ‘ಮೆಂಚಾರಿ’, ಇಲ್ಲಿ ಞಕಾರದ ಧ್ವನಿ. ‘ಗಂತಿ’ (ಬದಲಿಸು) ಎಂಬುದಕ್ಕೆ ‘ಮೆಂಗ್‌ಗಂತಿ’, ಇಲ್ಲಿ ಙಕಾರ. ಇಂಗ್ಲಿಷ್ ವ್ಯಾಕರಣಗಳಲ್ಲಿ ಇದನ್ನು ವಿವರಿಸಲು ದೊಡ್ಡ ಕೋಷ್ಟಕವನ್ನು ಹಾಕಿ, ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಬೇಕೆಂದು ಹೇಳಿರುತ್ತಾರೆ. ನಮ್ಮ ಒಂದನೆಯ ಇಯತ್ತೆಯ ಮಗುವಿನ ಪಾಟಿಯ ಮೇಲೆ ಆ ಕೋಷ್ಟಕವಿದೆ! ಕಖಗಘಙ, ಚಛಜಝಞ, ತಥದಧನ, ಪಫಬಭಮ: ಪ್ರತಿ ವರ್ಗದ ಕೊನೆಗೆ ಅದರ ಅನುನಾಸಿಕ. ಕನ್ನಡದ ಸೊನ್ನೆಯೂ ಮಾಡುವುದು ಇದನ್ನೇ. ಅಂಕ, ಅಂಚೆ, ಅಂದ, ಅಂಬು ಎಂದು ನಾಲ್ಕು ಶಬ್ದಗಳನ್ನು ಗಟ್ಟಿಯಾಗಿ ಉಚ್ಚರಿಸಿ ನೋಡಿರಿ. ಬರೆಯುವ ಸೊನ್ನೆ ಒಂದೇ, ನಾಲಗೆ ಮಾತ್ರ ನಾಲ್ಕು ಕಡೆ ತಾಗುತ್ತದೆ. ಙ, ಞ ಅಕ್ಷರಗಳು ಯಾವ ಪ್ರಯೋಜನಕ್ಕೆ, ಇವನ್ನು ಅಕ್ಷರಮಾಲೆಯಿಂದ ತೆಗೆದುಹಾಕಬಾರದೇಕೆ ಎಂದು ಕೇಳುವ ಬುದ್ಧಿವಂತರು ಅಲ್ಲಲ್ಲಿ ಇದ್ದಾರೆ. ಅವರು ಒಂದು ವರ್ಷ ಮಲಯವನ್ನು ಕಲಿಯಲಿ.

ಇನ್ನೂ ಒಂದು ಸೂಕ್ಷ್ಮವಿದೆ. ಧಾತುವು ಕ, ತ, ಪ, ಸ ಎಂಬ ಅಕ್ಷರಗಳಿಂದ ಆರಂಭವಾದರೆ ಆ ಅಕ್ಷರವೇ ಮಾಯವಾಗಿ ಅನುನಾಸಿಕ ಮಾತ್ರ ಉಳಿಯುತ್ತದೆ. ‘ತುಲಿಸ್’ (ಬರೆ) ಎಂಬುದು ‘ಮೆನುಲಿಸ್’ ಆಗುತ್ತದೆ. ‘ಪುಕುಲ್’ (ಹೊಡೆ) ಎಂಬುದು ‘ಮೆಮುಕುಲ್’. ‘ಕಿರಿಮ್’ (ಕಳಿಸು) ಎಂಬುದರ ಕಕಾರ ಹೋಗಿ ಙಕಾರ ನಿಲ್ಲುತ್ತದೆ. ‘ಸಾಪು’ (ಗುಡಿಸು) ಎಂಬುದರ ಸಕಾರ ಹೋಗಿ ಞಕಾರ ಬರುತ್ತದೆ. ನಮ್ಮ ವ್ಯಾಕರಣದ ಆದೇಶಸಂಧಿಯನ್ನು ಬಲ್ಲ ವಿದ್ಯಾರ್ಥಿಗೆ ಇಲ್ಲಿ ಹಳೆಯ ಪಾಠ ನೆನಪಾಗಬೇಕು. ಮಳೆ ಕೂಡ ಕಾಲ ಮಳೆಗಾಲ, ಬೆಟ್ಟ ಕೂಡ ತಾವರೆ ಬೆಟ್ಟದಾವರೆ, ಕಣ್ ಕೂಡ ಪನಿ ಕಂಬನಿ: ಸಂಧಿಯಲ್ಲಿ ಬಲಗುಂದುವ ಅಕ್ಷರಗಳು ನಮ್ಮಲ್ಲಿಯೂ ಇದೇ ಕ, ತ, ಪಗಳು. ಸಕಾರದ ಸಂಗತಿಯೂ ಹಾಗೆಯೇ. ಇನ್ ಕೂಡ ಸರ ‘ಇಂಚರ’ವಾದಾಗ ನಮ್ಮ ಸಕಾರವೂ ತಾಲವ್ಯದ ಕಡೆಗೆ ಸರಿಯಿತಲ್ಲವೇ? ಎರಡು ಭಾಷೆಗಳಿಗೆ ಕುಲಸಂಬಂಧವಿಲ್ಲ. ಮಲಯವು ಫಿಲಿಪ್ಪೀನ್ಸಿನಿಂದ ಮಡಗಾಸ್ಕರದವರೆಗೆ ಹಬ್ಬಿದ ಬೇರೆಯೇ ಭಾಷಾಕುಟುಂಬಕ್ಕೆ ಸೇರಿದುದು. ಮನುಷ್ಯನ ಬಾಯಿ ಒಂದೇ ಆಗಿರುವುದರಿಂದ ಇಂತಹ ಹೋಲಿಕೆಗಳು ಹುಟ್ಟುತ್ತವೆ. ಆದರೆ ಆ ಬಾಯಿಯ ವ್ಯಾಪಾರವನ್ನು ಸ್ಥಾನವಿಂಗಡಿಸಿ ತೋರಿಸುವ ಅಕ್ಷರಮಾಲೆ ಎಲ್ಲರ ಪಾಲಿಗೂ ಬಂದಿಲ್ಲ.

ಪ್ರತ್ಯಯಗಳ ಮಾತೂ ಇದೇ ರೀತಿಯದು. ‘ತಿದುರ್’ ಎಂದರೆ ಮಲಗು. ‘ಮೆನಿದುರ್‌ಕಾನ್’ ಎಂದರೆ ಮಲಗಿಸು. ‘ಕಾನ್’ ಎಂಬುದು ಇಲ್ಲಿ ನಮ್ಮ ‘ಇಸು’ ಪ್ರತ್ಯಯದ ಕೆಲಸವನ್ನೇ ಮಾಡಿತು. ‘ದುದುಕ್’ ಎಂದರೆ ಕೂಡು. ‘ಕಾನ್’ ಹಚ್ಚಿದರೆ ಕೂಡ್ರಿಸು. ಅದೇ ಧಾತುವಿಗೆ ‘ಇ’ ಹಚ್ಚಿದರೆ ಒಂದು ಸ್ಥಳವನ್ನು ಆಕ್ರಮಿಸಿ ಕೂಡ್ರು ಎಂಬರ್ಥ ಬರುತ್ತದೆ. ಈ ‘ಕಾನ್’ಗೂ ‘ಇ’ಗೂ ಇರುವ ಭೇದವೇ ಎರಡನೆಯ ವರ್ಷದ ಪರೀಕ್ಷೆಗಳಲ್ಲಿ ಅಂಕಗಳನ್ನು ನುಂಗುವ ಸ್ಥಳ, ಅದಕ್ಕೆ ಕನ್ನಡದಲ್ಲಿ ಸಿದ್ಧ ಸಮಾನವಿಲ್ಲ, ಓದಿ ಓದಿಯೇ ಕಲಿಯಬೇಕು.

ಕನ್ನಡವು ಕೈಕೊಟ್ಟು ಮರಾಠಿಯು ಕೈಹಿಡಿಯುವ ಒಂದು ಸ್ಥಳವೂ ಉಂಟು. ಮಲಯದಲ್ಲಿ ‘ನಾವು’ ಎಂಬುದಕ್ಕೆ ಎರಡು ಶಬ್ದಗಳಿವೆ. ‘ಕಾಮಿ’ ಎಂದರೆ ಕೇಳುವವನನ್ನು ಬಿಟ್ಟು ನಾವು. ‘ಕಿತ’ ಎಂದರೆ ಕೇಳುವವನೂ ಸೇರಿ ನಾವೆಲ್ಲ. ಊಟಕ್ಕೆ ಹೊರಟಾಗ ‘ಕಾಮಿ’ ಎಂದರೆ ಎದುರಿಗಿದ್ದವನು ಹಿಂದುಳಿಯುತ್ತಾನೆ. ‘ಕಿತ’ ಎಂದರೆ ಅವನೂ ಎದ್ದು ಚಪ್ಪಲಿ ಮೆಟ್ಟುತ್ತಾನೆ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ನಮ್ಮ ಇಂದಿನ ಕನ್ನಡದಲ್ಲಿಯೂ ಇಲ್ಲ. ಮೈಸೂರಿನ ವಿದ್ಯಾರ್ಥಿಯೊಬ್ಬನು ಇದನ್ನು ಹೊಸದಾಗಿ ಕಲಿಯಬೇಕು. ಆದರೆ ಮರಾಠಿಯಲ್ಲಿ ‘ಆಮ್ಹೀ’ ಎಂದೂ ‘ಆಪಣ’ ಎಂದೂ ಇದೇ ಭೇದವಿದೆ. ಇಚಲಕರಂಜಿಯ ಕನ್ನಡ ಹುಡುಗನು ಓಣಿಯ ಗೆಳೆಯರೊಡನೆ ಆಡುವಾಗ ‘ಆಮ್ಹೀ ಜಾತೋ’ ಎನ್ನಬೇಕೋ ‘ಆಪಣ ಜಾಊ’ ಎನ್ನಬೇಕೋ ಎಂದು ಕ್ಷಣಮಾತ್ರವೂ ತಡವರಿಸುವುದಿಲ್ಲ. ಅವನಿಗೆ ‘ಕಾಮಿ’, ‘ಕಿತ’ಗಳನ್ನು ಕಲಿಸಲು ಅರ್ಧ ನಿಮಿಷ ಸಾಕು. ಹೊರೆಯೆಂದು ನಾವು ಎಣಿಸಿದ ಎರಡನೆಯ ಭಾಷೆಯೇ ಇಲ್ಲಿ ಮೂರನೆಯದಕ್ಕೆ ಕೀಲಿಕೈಯಾಯಿತು.

ಹಾಗೆಂದು ಎಲ್ಲವೂ ನಮಗೆ ಅನುಕೂಲವೇ ಎಂದು ಹೇಳಿದರೆ ಪಾಲಕರನ್ನು ವಂಚಿಸಿದಂತಾದೀತು. ವಾಕ್ಯರಚನೆಯಲ್ಲಿ ಕನ್ನಡದ ಅಭ್ಯಾಸವು ಅಡ್ಡ ಬರುತ್ತದೆ. ನಾವು ವಿಶೇಷಣವನ್ನು ಮೊದಲು ಹೇಳಿ ನಾಮಪದವನ್ನು ನಂತರ ಹೇಳುತ್ತೇವೆ: ದೊಡ್ಡ ಮನೆ, ನನ್ನ ಪುಸ್ತಕ. ಮಲಯದಲ್ಲಿ ‘ರುಮಾಹ್ ಬೆಸಾರ್’ (ಮನೆ ದೊಡ್ಡ), ‘ಬುಕು ಸಾಯ’ (ಪುಸ್ತಕ ನನ್ನ). ಕ್ರಿಯಾಪದವು ವಾಕ್ಯದ ಕೊನೆಯವರೆಗೆ ಕಾಯುವುದಿಲ್ಲ. ‘ಮನೆಯಲ್ಲಿ’ ಎಂಬಲ್ಲಿಯ ನಮ್ಮ ವಿಭಕ್ತಿ ಹಿಂದಕ್ಕೆ ಹೋಗಿ ‘ದಿ ರುಮಾಹ್’ ಎಂದಾಗುತ್ತದೆ. ಕಾಲವನ್ನು ಬೇರೆ ಬೇರೆ ಸಣ್ಣ ಶಬ್ದಗಳಿಂದ ಸೂಚಿಸಬೇಕು. ಇವನ್ನು ತಪ್ಪಿಲ್ಲದೆ ಆಡಲು ತಿಂಗಳುಗಟ್ಟಲೆ ಬೇಕು, ಮಲಯದ ಶಬ್ದಗಳನ್ನು ಕನ್ನಡದ ಸಾಲಿನಲ್ಲಿ ನಿಲ್ಲಿಸುವ ಚಾಳಿ ಅಷ್ಟು ಬೇಗ ಬಿಡುವುದಿಲ್ಲ.

ಉಚ್ಚಾರದಲ್ಲಿ ನಮಗೆ ಇನ್ನೊಂದು ಚಾಳಿಯಿದೆ. ವ್ಯಂಜನದಲ್ಲಿ ಮುಗಿಯುವ ಶಬ್ದವನ್ನು ಕನ್ನಡದ ನಾಲಗೆ ಸಹಿಸದು. ಬಸ್ ಎಂಬುದು ಬಸ್ಸಾಗುತ್ತದೆ, ಬುಕ್ ಎಂಬುದು ಬುಕ್ಕಾಗುತ್ತದೆ. ಮಲಯದಲ್ಲಿ ಮಗುವಿಗೆ ‘ಅನಾಕ್’ ಎನ್ನುತ್ತಾರೆ. ಕೊನೆಯ ಕಕಾರವನ್ನು ಅರ್ಧದಲ್ಲಿಯೇ ನುಂಗಬೇಕು. ನಮ್ಮ ರೂಢಿಯಂತೆ ‘ಅನಾಕ್ಕು’ ಎಂದುಬಿಟ್ಟರೆ, ಆ ಭಾಷೆಯಲ್ಲಿ ‘ಕು’ ಎಂಬುದು ‘ನನ್ನ’ ಎಂಬರ್ಥದ ಪ್ರತ್ಯಯವಾದುದರಿಂದ, ‘ನನ್ನ ಮಗು’ ಎಂದಾಗುತ್ತದೆ. ಬೇರೆಯವರ ಮಗುವನ್ನು ಹೊಗಳಲು ಹೋದವನು ಅದನ್ನು ತನ್ನದೇ ಎಂದು ಸಾರಿಬಂದಂತಾಯಿತು!

ಎಣಿಕೆಯ ಕ್ರಮದಲ್ಲಿ ಒಂದು ಸ್ವಾರಸ್ಯವಿದೆ. ಮೂರು ಜನ ಗುರುಗಳು ಎನ್ನುವಾಗ ‘ಜನ’ ಎಂಬ ಅರ್ಥದ ‘ಓರಾಂಗ್’ ಶಬ್ದ ನಡುವೆ ಬರಬೇಕು; ಮೂರು ಕುದುರೆ ಎನ್ನುವಾಗ ‘ಬಾಲ’ ಎಂಬ ಅರ್ಥದ ‘ಏಕೋರ್’; ಮೂರು ಮನೆ ಎನ್ನುವಾಗ ‘ಹಣ್ಣು’ ಎಂಬ ಅರ್ಥದ ‘ಬುವಾಹ್’; ತತ್ತಿ ಮೊದಲಾದ ಸಣ್ಣ ವಸ್ತುಗಳಿಗೆ ‘ಬಿಜಿ’, ಅಂದರೆ ಬೀಜ. ಮನುಷ್ಯರನ್ನೂ ವಸ್ತುಗಳನ್ನೂ ಒಂದೇ ರೀತಿಯಿಂದ ಎಣಿಸಬಾರದೆಂಬುದು ಮೂವರು ಎಂದೂ ಮೂರು ಎಂದೂ ಭೇದಮಾಡುವ ನಮಗೆ ಹೊಸದಲ್ಲ. ಸಂಬೋಧನೆಯೂ ಹೊಸದಲ್ಲ. ಅಪರಿಚಿತನ ವಯಸ್ಸನ್ನು ನೋಡಿ ಅಣ್ಣ ಎನ್ನಬೇಕೋ ಕಾಕಾ ಎನ್ನಬೇಕೋ ಎಂದು ನಾವು ನಿರ್ಣಯಿಸುವಂತೆ ಅವರೂ ‘ಅಬಾಂಗ್’ (ಅಣ್ಣ), ‘ಕಾಕಾಕ್’ (ಅಕ್ಕ), ‘ಪಾಕ್ ಚಿಕ್’ (ಕಾಕಾ) ಎಂದು ಕರೆಯುತ್ತಾರೆ. ಎದುರಾದವರನ್ನು ‘ಸುದಾಹ್ ಮಾಕಾನ್?’ ಎಂದು ಕೇಳುವುದುಂಟು. ‘ಊಟ ಆತೇನ್ರಿ?’ ಎಂಬುದಲ್ಲದೆ ಬೇರೇನೂ ಅಲ್ಲ.

ಎರಡನೆಯ ವರ್ಷದಲ್ಲಿ ಸಂಭಾಷಣೆಯ ಪಾಠಗಳು ಹಿಂದುಳಿದು ವೃತ್ತಪತ್ರ, ಪತ್ರಲೇಖನ, ಸಣ್ಣ ಕಥೆಗಳ ವಾಚನ ಮುಂದೆ ಬರುತ್ತದೆ. ವಿಚಾರಸರಣಿಯನ್ನು ಜೋಡಿಸುವ ಅವ್ಯಯಗಳು ಆಗ ಅವಶ್ಯಕವಾಗುತ್ತವೆ. ಇಲ್ಲಿ ಹಳೆಯ ನೆಂಟರು ಮತ್ತೊಮ್ಮೆ ಬಂದು ನಿಲ್ಲುತ್ತಾರೆ: ‘ಕೆರಾನ’ (ಕಾರಣ, ಏಕೆಂದರೆ), ‘ತೆತಾಪಿ’ (ತಥಾಪಿ, ಆದರೆ), ‘ಅತಾವ್’ (ಅಥವಾ), ‘ಪೆರ್ತಾಮ’ (ಪ್ರಥಮ), ‘ಅಂತಾರ’ (ಅಂತರ, ನಡುವೆ). ಮಲಯವನ್ನು ಇಂದು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಅರಬ್ಬೀ ಮೂಲದ ‘ಜಾವಿ’ ಲಿಪಿಯೂ ಉಂಟು. ಆದರೆ ಸುಮಾತ್ರಾದ ಪಾಲೆಂಬಾಂಗ್ ಬಳಿ ದೊರೆತ ಹಳೆಯ ಮಲಯದ ಕೆದುಕಾನ್ ಬುಕಿತ್ ಶಾಸನ, ಕ್ರಿ.ಶ. 682ರದು, ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿದೆ. ಅದರ ವರ್ಷವನ್ನು ಶಕ 604 ಎಂದು ಬರೆಯಲಾಗಿದೆ. ಕೊಲ್ಹಾಪುರದ ಕನ್ನಡ ಶಾಸನಗಳಲ್ಲಿಯೂ ಎಣಿಕೆ ಅದೇ ಶಕವರ್ಷದ್ದು.

ಮಾಧ್ಯಮದ ಪ್ರಶ್ನೆಯಲ್ಲಿ ಆಸಕ್ತಿಯುಳ್ಳ ಪಾಲಕರು ಮಲಯ ಭಾಷೆಯ ಇತ್ತೀಚಿನ ಚರಿತ್ರೆಯನ್ನೂ ಅರಿತಿರಬೇಕು. ಅದನ್ನು ಉಚ್ಚಶಿಕ್ಷಣಕ್ಕೆ ಅಣಿಗೊಳಿಸಲು 1956ರಲ್ಲಿ ‘ದೇವಾನ್ ಬಹಾಸ ದಾನ್ ಪುಸ್ತಕ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪಾರಿಭಾಷಿಕ ಶಬ್ದಗಳನ್ನು ರಚಿಸುವುದು, ಕೋಶಗಳನ್ನೂ ಪಠ್ಯಪುಸ್ತಕಗಳನ್ನೂ ಪ್ರಕಟಿಸುವುದು ಅದರ ಕಾರ್ಯ. 1970ರಲ್ಲಿ ಮಲಯ ಮಾಧ್ಯಮದ ರಾಷ್ಟ್ರೀಯ ವಿಶ್ವವಿದ್ಯಾನಿಲಯ ಆರಂಭವಾಯಿತು. 1972ರಲ್ಲಿ ಮಲೇಷ್ಯ ಇಂಡೋನೇಷ್ಯಗಳೆರಡೂ ಒಂದೇ ಕಾಗುಣಿತವನ್ನು ಒಪ್ಪಿಕೊಂಡವು. ಆದರೆ ಕಥೆ ನೇರವಾಗಿ ಸಾಗಲಿಲ್ಲ. 2003ರಲ್ಲಿ ಶಾಲೆಗಳ ಗಣಿತ ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸತೊಡಗಿದರು. 2009ರಲ್ಲಿ ಆ ನಿರ್ಣಯವನ್ನು ಹಿಂದೆಗೆದುಕೊಂಡು 2012ರಿಂದ ಮತ್ತೆ ಮಾತೃಭಾಷೆಗಳ ಕಡೆಗೆ ತಿರುಗಿದರು. 2016ರಿಂದ ಬಯಸಿದ ಕೆಲವು ಶಾಲೆಗಳಿಗೆ ಇಂಗ್ಲಿಷಿನ ಅವಕಾಶವನ್ನು ಮತ್ತೆ ಕೊಟ್ಟರು. ರಾಜ್ಯದ ಬೆಂಬಲವಿರುವ ಭಾಷೆಗೇ ಇಂತಹ ಹೊಯ್ದಾಟವಿರುವಾಗ, ಪರರಾಜ್ಯದ ಅಂಚಿನಲ್ಲಿ ಕನ್ನಡ ಶಾಲೆಯನ್ನು ನಡೆಸುವವರ ಚಿಂತೆ ಸಹಜವಾದುದೇ. ಆ ಚಿಂತೆಯನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ.

ಆದರೂ ನಮ್ಮ ನೆಲದ ಒಂದು ಉದಾಹರಣೆಯನ್ನು ಹೇಳಲೇಬೇಕು. ಇಚಲಕರಂಜಿಯಿಂದ ಬಹುದೂರವಿಲ್ಲದ, ಚಿಕ್ಕೋಡಿ ಸೀಮೆಯ ಸದಲಗ ಗ್ರಾಮದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸಿದರು. ಮನೆಮಾತು ಕನ್ನಡ, ಸುತ್ತಲಿನದು ಮರಾಠಿ. ಅಭ್ಯಾಸ ಮಾಡಿದುದು ಪ್ರಾಕೃತ ಸಂಸ್ಕೃತಗಳನ್ನು. ಗ್ರಂಥಗಳ ಪೀಠಿಕೆಗಳನ್ನು ಬರೆದುದು ಇಂಗ್ಲಿಷಿನಲ್ಲಿ. 1935ರಲ್ಲಿ ಅವರು ಪ್ರಕಟಿಸಿದ ‘ಪ್ರವಚನಸಾರ’ದ ಆವೃತ್ತಿ ವಿದ್ವಾಂಸರ ಮನ್ನಣೆಗೆ ಪಾತ್ರವಾಯಿತು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಹೊರತಂದರು. ಅವರಿಗೆ ಯಾವ ಭಾಷೆಯೂ ಇನ್ನೊಂದರ ದಾರಿಗೆ ಅಡ್ಡ ಬರಲಿಲ್ಲ.

ಕೊನೆಗೆ, ಮಲಯವನ್ನಾಗಲಿ ಅದರಂತಹ ಬೇರೊಂದು ಭಾಷೆಯನ್ನಾಗಲಿ ಕಲಿಯಬಯಸುವ ವಿದ್ಯಾರ್ಥಿಮಿತ್ರರಿಗೆ ಟಿಪ್ಪಣಿಯ ಪುಸ್ತಕದ ಬಗ್ಗೆ ಒಂದು ಮಾತು. ಒಂದು ಪುಟಕ್ಕೆ ಒಂದೇ ಧಾತುವನ್ನು ಮೇಲೆ ಬರೆದು, ಅದರಿಂದ ಹುಟ್ಟಿದ ರೂಪಗಳನ್ನು ಸಿಕ್ಕಂತೆ ಕೆಳಗೆ ಸೇರಿಸುತ್ತ ಹೋಗಬೇಕು. ಉಚ್ಚಾರವನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳಿರಿ. ಙ, ಞ, ನ, ಮಗಳನ್ನು ಸೊನ್ನೆಯಿಂದ ಮುಚ್ಚದೆ ಬಿಡಿಸಿ ಬರೆಯಿರಿ. ಒಂದು ಎಚ್ಚರಿಕೆ: ಮಲಯದ ರೋಮನ್ ಬರವಣಿಗೆಯಲ್ಲಿ ಒಂದೇ ಅಕ್ಷರಕ್ಕೆ ಎರಡು ಉಚ್ಚಾರಗಳಿವೆ. ಒಂದು ನಮ್ಮ ‘ಎ’. ಇನ್ನೊಂದು ‘ಅ’ಕಾರಕ್ಕೂ ‘ಎ’ಕಾರಕ್ಕೂ ನಡುವಿನ, ತುಟಿ ತೆರೆಯದ, ಅತಿ ಹ್ರಸ್ವವಾದ ಧ್ವನಿ. ಇದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ಈ ಲೇಖನದಲ್ಲಿಯೂ ಅದನ್ನು ‘ಎ’ಕಾರದಿಂದಲೇ ಬರೆಯಲಾಗಿದೆ. ನೀವು ಅಂತಹ ಅಕ್ಷರದ ಕೆಳಗೆ ಸೀಸಕಡ್ಡಿಯಿಂದ ಒಂದು ಚುಕ್ಕೆ ಇಟ್ಟುಕೊಳ್ಳಿರಿ.